ತಿದ್ದದ ಫೋಟೋ

ಅವರ ಎಡಗಣ್ಣಿನ ಸುತ್ತ ಮಾತ್ರ ಸುಕ್ಕು ಜಾಸ್ತಿ. ಕ್ಯಾಮೆರಾ ಹಿಡಿದಾಗಲೆಲ್ಲ ಆ ಕಣ್ಣು ಮುಚ್ಚಿ ಮುಚ್ಚಿ ಹಾಗಾಗಿತ್ತು.

ಯಮಕನಮರಡಿಯಲ್ಲಿ ನಮ್ಮ ಮನೆಯ ಬಾಜೂಕೆ ಅವರ ಸ್ಟುಡಿಯೋ. ನಮಗೆಲ್ಲ ಅವರು ಕಾಕಾ. ಒಳಗೆ ಜಲಪಾತ ಬಿಡಿಸಿದ ಪರದೆ, ಅತ್ತರಿನ ವಾಸನೆ, ಮಧ್ಯಾಹ್ನದಲ್ಲೂ ಸಂಜೆಯಂಥ ಬೆಳಕು. ಅಲ್ಲಿ ಕೂತರೆ ಹೈವೇಯ ಲಾರಿಗಳ ಸದ್ದು ಬೇರೆ ಯಾವುದೋ ಊರಿನದು ಅನ್ನಿಸುತ್ತಿತ್ತು. ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲಿನ ಮೊಡವೆ, ಸಿಡುಬಿನ ಕಲೆಗಳನ್ನೆಲ್ಲ ಮಾಯ ಮಾಡುತ್ತಿದ್ದರು. "ನನ್ನ ಕಡೆ ಬಂದಾವ್ರು ಚಂದ ಆಗೇ ಹೋಗ್ಬೇಕು ನೋಡ್ರಿ," ಎನ್ನುತ್ತಿದ್ದರು. ನನ್ನ ಮದುವೆ ಫೋಟೋದಲ್ಲಿ ನನ್ನನ್ನು ಎಷ್ಟು ಬೆಳ್ಳಗೆ ಮಾಡಿದ್ದರೆಂದರೆ, ಮಾವನವರು "ಇದರಾಗ ನಮ್ಮ ಅಳಿಯಾ ಎಲ್ಲಿ ಅದಾನ?" ಎಂದು ಹುಡುಕಿದ್ದರು.

ಮೂರು ವರ್ಷದ ಹಿಂದೆ ಗೋಕಾಕದಲ್ಲಿ ನನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ದಿನಾ ಗಾಯದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಬೇಕೆಂದು ಹೇಳಿ ಡಾಕ್ಟರು ಮನೆಗೆ ಬಿಟ್ಟರು. ಹೆಂಡತಿ ಕಳಿಸುತ್ತಿದ್ದಳು, "ಛಲೋ ಐತಿ" ಎಂದು ಉತ್ತರ ಬರುತ್ತಿತ್ತು. ಆರನೇ ದಿನ ಮೈ ಸುಡತೊಡಗಿತು. ಹಾಸಿಗೆ ತೇಲಿದಂತೆ, ಪರದೆಯ ಆ ಜಲಪಾತ ಗೋಡೆಯಾಚೆ ಧುಮುಕಿದಂತೆ ಆಗುತ್ತಿತ್ತು. ಭಯವೇ ಇರಲಿಲ್ಲ, ಒಂಥರಾ ಹಿತವೇ ಇತ್ತು. "ಫೋಟೋದಾಗ ಛಲೋನ ಐತಲ್ರಿ," ಎಂದಳು ಹೆಂಡತಿ. ನಾನೂ ನಂಬಿದೆ.

ಮಾತಾಡಿಸಲು ಬಂದ ಕಾಕಾ ಅವಳ ಫೋನು ಇಸಿದುಕೊಂಡರು. ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನ ಹೊಟ್ಟೆ ನೋಡಿದರು.

"ಬೇಟಿ, ಇದು ತಿದ್ದಿದ ಫೋಟೋ."

"ನಾ ಏನೂ ಮಾಡಿಲ್ರಿ ಕಾಕಾ!"

"ನೀ ಮಾಡಿಲ್ಲ ಬಿಡು, ಫೋನ್ ಮಾಡೈತಿ. ಜನ್ಮೆಲ್ಲಾ ಇದನ್ನ ಮಾಡೇನಿ, ನನಗ ಗೊತ್ತಾಗಂಗಿಲ್ಲೇನು?"

ತಂಗಿಯ ಮದುವೆಗೆಂದು ಫೋನಿನ ಕ್ಯಾಮೆರಾಕ್ಕೆ ಹಾಕಿಕೊಂಡ, ಚರ್ಮದ ಕಲೆ ಮರೆಸುವ 'ಬ್ಯೂಟಿ ಮೋಡ್' ಅನ್ನು ಅವಳು ತೆಗೆದೇ ಇರಲಿಲ್ಲ. ಗಾಯದ ಕೆಂಪನ್ನೂ ಬಾವನ್ನೂ ಅದು ನುಣ್ಣಗೆ ಒರೆಸಿಹಾಕಿತ್ತು. ಕಾಕಾ ಅದನ್ನು ಬಂದ್ ಮಾಡಿ, ನನ್ನನ್ನು ಬಾಗಿಲ ಬಿಸಿಲಿಗೆ ಕೂರಿಸಿ, ಫೋನಿಗೆ ಬೇಕಿಲ್ಲದಿದ್ದರೂ ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿದರು. "ಉಸರ ಹಿಡಿ ತಮ್ಮಾ."

ಫೋಟೋ ಹೋದ ಐದೇ ನಿಮಿಷಕ್ಕೆ ಡಾಕ್ಟರ ಫೋನು ಬಂತು: "ಈಗಿಂದೀಗ ಕರ್ಕೊಂಡ ಬರ್ರಿ." ಹೊಲಿಗೆ ಬಿಚ್ಚಿ ಕೀವು ತೆಗೆದರು. ಇನ್ನೊಂದು ದಿನ ತಡೆದಿದ್ದರೆ ನಂಜು ರಕ್ತಕ್ಕೆ ಏರುತ್ತಿತ್ತಂತೆ.

ಕಾಕಾ ಹೋದ ವರ್ಷ ತೀರಿಕೊಂಡರು. ಮಣ್ಣು ಕೊಟ್ಟು ಬಂದು, ನನ್ನ ಫೋನಿಗೆ ಹಾಕಿಕೊಂಡಿದ್ದ ಆ ಗಾಯದ ಫೋಟೋವನ್ನು ಬಹಳ ಹೊತ್ತು ನೋಡಿದೆ. "ಆ ಹೊಲಸ ಫೋಟೋ ಯಾಕ ಇಟ್ಕೊಂಡೀರಿ, ಅಳಸ್ರಿ" ಎಂದು ಯಾವಾಗಲೂ ಗೊಣಗುವ ಹೆಂಡತಿ ಅಂದು ಪಕ್ಕದಲ್ಲಿ ಕೂತು ಅತ್ತಳು. ಊರನ್ನೆಲ್ಲ ಚಂದ ಮಾಡಿ ಕಳಿಸಿದ ಮನುಷ್ಯ ನನ್ನೊಬ್ಬನನ್ನು ಇದ್ದ ಹಾಗೇ ತೆಗೆದರು. ಅದಕ್ಕೇ ನಾನು ಇದ್ದೇನೆ.