ಹಳೇ ಕಂಪ್ಯೂಟರಿನ ವೇಗ, ನನ್ನ ಎಡಗೈ

ಚೊಂಬು ಎಡಗೈಯಿಂದ ಜಾರಿ ಬಿದ್ದಾಗ ನಾನು ಹೆಂಡತಿಗೆ ಬೈದೆ. ಸೋಪಿನ ಕೈಯಲ್ಲಿ ಮುಟ್ಟಿ ಜಾರುವ ಹಾಗೆ ಮಾಡಿಟ್ಟಿದ್ದಾಳೆ ಎಂದು. ಬಗ್ಗಿ ಎತ್ತಲು ಹೋದೆ. ಬೆರಳುಗಳು ಚೊಂಬನ್ನು ಮುಟ್ಟಿದವು, ಹಿಡಿಯಲಿಲ್ಲ. ಬೈಯುತ್ತಿದ್ದ ಬಾಯಿ ಆಗಲೇ ಒಂದು ಕಡೆಗೆ ಸೊಟ್ಟಗಾಗಿತ್ತಂತೆ. ಅದನ್ನು ಅವಳು ಎಷ್ಟೋ ದಿನದ ಮೇಲೆ ಹೇಳಿದಳು.

ಲಕ್ವ ಹೊಡೆದಿತ್ತು. ಮಾನಂತವಾಡಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಾಯಿ ನೆಟ್ಟಗಾಯಿತು, ಕಾಲು ಬಂತು, ಕೈ ಮಾತ್ರ ಅರ್ಧ ಬಂತು. "ಆರು ತಿಂಗಳು ಗಾಡಿ ಮುಟ್ಟಬೇಡಿ. ಆಮೇಲೂ ನನಗೆ ತೋರಿಸಿಯೇ ಮುಟ್ಟಬೇಕು" ಎಂದರು ಡಾಕ್ಟರು. ನಾನು ಕಾಟ್ಟಿಕುಳಂ ಜಂಕ್ಷನ್ನಿನ ಜೀಪ್ ಡ್ರೈವರ್. ಬೆಳಿಗ್ಗೆ ಹನ್ನೆರಡು ಜನ ಕೂಲಿ ಹೆಂಗಸರನ್ನು ಹತ್ತಿಸಿಕೊಂಡು, ಗಡಿಯ ಬಾವಲಿ ಚೆಕ್‌ಪೋಸ್ಟ್ ದಾಟಿ, ಕರ್ನಾಟಕದ ಕಡೆಯ ಶುಂಠಿ ಹೊಲಗಳಲ್ಲಿ ಇಳಿಸಿ, ಸಂಜೆ ವಾಪಸು ಕರೆತರುವುದು ನನ್ನ ಕೆಲಸ. ನಡುವೆ ಕಾಡು. ತಿರುವಿನಲ್ಲಿ ಆನೆ ನಿಂತಿದ್ದರೆ ಒಂದೇ ಉಸಿರಿನಲ್ಲಿ ಬ್ರೇಕು, ಕ್ಲಚ್ಚು, ರಿವರ್ಸ್ ಗೇರು. ಇಪ್ಪತ್ತು ವರ್ಷದಲ್ಲಿ ಮೂರು ಸಲ ಹಾಗೆ ಹಿಂದಕ್ಕೆ ಬಂದು ಬದುಕಿದ್ದೇನೆ. ಮೂರು ಸಲವೂ ಗೇರು ಹಾಕಿದ್ದು ಈ ಎಡಗೈ.

ಮನೆಯಲ್ಲಿ ಕೈಗೆ ಕಸರತ್ತು ಹೇಳಿಕೊಟ್ಟಿದ್ದರು. ರಬ್ಬರ್ ಚೆಂಡು ಹಿಸುಕುವುದು, ಬಟ್ಟಲಿನಿಂದ ಹುರುಳಿಕಾಳು ಒಂದೊಂದಾಗಿ ಎತ್ತುವುದು. ನಾಲ್ಕನೇ ದಿನಕ್ಕೆ ಬಟ್ಟಲನ್ನು ಅಂಗಳಕ್ಕೆ ಎಸೆದೆ. ಹುರುಳಿ ಎತ್ತಲು ನಾನೇನು ಕೋಳಿಯೇ? ಹೆಂಡತಿ ಕಾಳು ಆಯ್ದಳು. ಅವಳು ಜಂಕ್ಷನ್ನಿನಲ್ಲಿ ಜನರ ಅರ್ಜಿಗಳನ್ನು ಟೈಪ್ ಮಾಡಿ ಕಳಿಸುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಮುಂದಿನ ವಾರ ಅಲ್ಲಿ ಮೂಲೆಗೆ ಹಾಕಿದ್ದ ಒಂದು ಹಳೇ ಕಂಪ್ಯೂಟರನ್ನು ಆಟೋದಲ್ಲಿ ತಂದಿಳಿಸಿದಳು.

"ಮದುವೆಗೆ ಮುಂಚೆ ಮಾನಂತವಾಡೀಲಿ ಟಿ.ವಿ. ಮುಂದೆ ಕೂತು ಕಾರ್ ಓಡಿಸ್ತಿದ್ರಂತಲ್ಲ. ಆ ಆಟ ಇದ್ರಲ್ಲೂ ಬರುತ್ತೆ. ಚೆಂಡು ಹಿಸುಕ್ಬೇಡಿ, ಅದನ್ನೇ ಆಡಿ" ಎಂದಳು.

ನಿಜ, ಹರೆಯದಲ್ಲಿ ವೀಡಿಯೊ ಗೇಮ್ ಅಂಗಡಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಟಿ.ವಿ.ಗೆ ಜೋಡಿಸುತ್ತಿದ್ದ ಆ ಆಟದ ಪೆಟ್ಟಿಗೆ ಈಗ ಎಲ್ಲೂ ಸಿಗುವುದಿಲ್ಲ. ಆದರೆ ಎಮ್ಯುಲೇಟರ್ ಎಂಬ ಒಂದು ಪ್ರೋಗ್ರಾಂ ಇದೆ. ಅದನ್ನು ಹಾಕಿದರೆ ಕಂಪ್ಯೂಟರೇ ಆ ಹಳೇ ಪೆಟ್ಟಿಗೆಯ ವೇಷ ಹಾಕಿ ಆಟ ಆಡಿಸುತ್ತದೆ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ಕಾರನ್ನು ತಿರುಗಿಸುವುದು ಎಡಗೈ ಹೆಬ್ಬೆರಳು. ಅವಳು ಅದನ್ನೂ ಯೋಚಿಸಿಯೇ ತಂದಿದ್ದಳು.

ಮೊದಲ ದಿನ ಕಾರು ತೆವಳಿತು. ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಕಾಣುತ್ತಿತ್ತು. ಅರವತ್ತು ಇದ್ದರೆ ಆಟ ತನ್ನ ನಿಜವಾದ ವೇಗದಲ್ಲಿದೆ ಎಂದು ಅರ್ಥ. ನಮ್ಮದು ಇಪ್ಪತ್ತೊಂಬತ್ತು. ಶಬ್ದ ಹರಿದು ಹರಿದು ಬರುತ್ತಿದ್ದರಿಂದ ಅದನ್ನು ಬಂದ್ ಮಾಡಿಬಿಟ್ಟೆ. ಅಷ್ಟು ನಿಧಾನದಲ್ಲೂ ನಾನು ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಗೋಡೆಗೆ ಗುದ್ದಿದೆ.

"ಇದು ಕಂಪ್ಯೂಟರಾ, ಎತ್ತಿನ ಗಾಡಿಯಾ? ಇದ್ರಲ್ಲಿ ಯಾವನು ಓಡಿಸ್ತಾನೆ!" ಎಂದು ರೇಗಿದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಅವಳು ನಕ್ಕಳು. ನಾನು ನಗಲಿಲ್ಲ. ಅವಳ ನಗುವೂ ಅರ್ಧಕ್ಕೇ ನಿಂತಿತು.

ನೆಲವನ್ನು ನೆಟ್ಟಗೆ ಮಾಡಲು ಹೊರಟೆ. ಜೀಪ್ ಬಿಚ್ಚಿ ಕಟ್ಟಿದವನಿಗೆ ಇದೇನು ಮಹಾ. ಚಿತ್ರವನ್ನು ಹಳೇ ಪೆಟ್ಟಿಗೆಗಿಂತ ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ಸೆಟ್ಟಿಂಗ್ ಇತ್ತು. ಅದನ್ನು ಮೊದಲಿನ ಅಳತೆಗೆ ಇಳಿಸಿದೆ. ಸಂಖ್ಯೆ ನಲವತ್ತೊಂದಕ್ಕೆ ಏರಿತು. ಹಿಂದೆ ಸದ್ದಿಲ್ಲದೆ ಓಡುತ್ತಿದ್ದ ಬೇರೆ ಪ್ರೋಗ್ರಾಂಗಳನ್ನು ಹೆಂಡತಿ ಒಂದೊಂದಾಗಿ ನಿಲ್ಲಿಸಿಕೊಟ್ಟಳು, ನಲವತ್ತೆಂಟು. ಕರೆಂಟ್ ಉಳಿಸುವ ಸೆಟ್ಟಿಂಗನ್ನು ತೆಗೆದು ಪೂರ್ತಿ ಶಕ್ತಿಗೆ ಬಿಟ್ಟರೆ ಒಂದಷ್ಟು ಹೊತ್ತು ಚೆನ್ನಾಗಿ ಓಡಿ ಮತ್ತೆ ಕುಸಿಯುತ್ತಿತ್ತು. ಇಂಜಿನ್ ಕಾಯ್ದರೆ ಗಾಡಿ ಎಳೆಯುವುದಿಲ್ಲ, ಇದೂ ಹಾಗೇ. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದೆ. ಒಳಗಿನ ಫ್ಯಾನಿಗೆ ಕಂಬಳಿಯಷ್ಟು ದಪ್ಪ ಧೂಳು ಮೆತ್ತಿತ್ತು. ಪೇಂಟ್ ಬ್ರಷ್ಷಿನಿಂದ ಕೆರೆದು, ಫ್ಯಾನಿನ ಕೆಳಗೆ ಒಣಗಿಹೋಗಿದ್ದ, ಕಾವು ಎಳೆದುಕೊಳ್ಳುವ ಬಿಳಿ ಪೇಸ್ಟನ್ನು ಒರೆಸಿ ಹೊಸದು ಹಚ್ಚಿದೆ. ಸ್ಕ್ರೂ ತಿರುಗಿಸಿದ್ದು ಬಲಗೈ. ಎಡಗೈ ಹಿಡಿದುಕೊಂಡಿದ್ದ ಮುಚ್ಚಳ ಎರಡು ಸಲ ಬಿತ್ತು.

ಸಂಖ್ಯೆ ಅರವತ್ತಕ್ಕೆ ಬಂದು ಕದಲದೆ ನಿಂತಿತು. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಇನ್ನು ಕಂಪ್ಯೂಟರಿನ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಇನ್ನು ಇರುವುದು ನಾನು, ನನ್ನ ಕೈ.

ಸೇತುವೆಯ ತಿರುವಿನಲ್ಲಿ ಗುದ್ದಿದೆ. ಮತ್ತೆ ಗುದ್ದಿದೆ. ಕಣ್ಣಿಗೆ ತಿರುವು ಕಾಣುತ್ತದೆ, ತಲೆ "ಎಡಕ್ಕೆ" ಅನ್ನುತ್ತದೆ, ಹೆಬ್ಬೆರಳು ಹೊರಡುವಷ್ಟರಲ್ಲಿ ಗೋಡೆ ಬಂದಿರುತ್ತದೆ. ಇಪ್ಪತ್ತು ಸಲ ಆಡಿದೆ, ಇಪ್ಪತ್ತು ಸಲವೂ ಗುದ್ದಿದೆ. ಪ್ರತಿ ಸಲವೂ ನನಗೆ ಕಾಣಿಸಿದ್ದು ಗೋಡೆಯಲ್ಲ, ಬಾವಲಿ ರಸ್ತೆಯ ಆನೆ. ಕೇಳಿಸಿದ್ದು ಹಿಂದಿನ ಸೀಟಿನ ಹೆಂಗಸರ ಕೂಗು. ಊಟಕ್ಕೆ ಕರೆದವಳ ತಟ್ಟೆಯನ್ನು ತಳ್ಳಿದೆ. ಅನ್ನ ಚೆಲ್ಲಿತು. ಕೈಲಾಗದವ ಮೈ ಪರಚಿಕೊಂಡ ಅನ್ನುತ್ತಾರೆ, ನಾನು ಪರಚಿದ್ದು ಅವಳನ್ನು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ಎರಡು ದಿನ ಏಳಲಿಲ್ಲ.

ಮೂರನೇ ದಿನ ಅವಳೇ ಕಂಟ್ರೋಲರನ್ನು ತಂದು ಹಾಸಿಗೆಯ ಮೇಲಿಟ್ಟಳು. "ಒಂದ್ಸಲ ಆಡಿ ನೋಡಿ. ಆ ಮೂಲೆ ನಂಬರ್ ತೆಗೆದುಬಿಟ್ಟಿದೀನಿ. ಅದನ್ನ ನೋಡ್ತಾ ನೀವು ರೋಡ್ ನೋಡಲ್ಲ."

ಅದು ಸರಿ ಅನ್ನಿಸಿತು. ಮೀಟರ್ ನೋಡಿಕೊಂಡು ತಿರುವು ತಿರುಗಿಸುವವನು ಡ್ರೈವರೇ ಅಲ್ಲ. ಆಡಿದೆ. ಐದನೇ ಸಲಕ್ಕೆ ಸೇತುವೆಯ ತಿರುವು ದಾಟಿದೆ. ವಾರದೊಳಗೆ ರೇಸ್ ಮುಗಿಸಿದೆ, ಎರಡನೇ ವಾರ ಗೆಲ್ಲತೊಡಗಿದೆ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅವಳೂ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸಂತೋಷಕ್ಕೆ ಎಂದುಕೊಂಡೆ.

ಹೇಳಿದ ಆರು ತಿಂಗಳು ತುಂಬಿರಲಿಲ್ಲ, ಡಾಕ್ಟರಿಗೆ ತೋರಿಸಲೂ ಹೋಗಲಿಲ್ಲ. ಅವರು ಬೇಡ ಅಂದುಬಿಟ್ಟರೆ ಎಂಬ ಹೆದರಿಕೆ. ಆಟದಲ್ಲಿ ಗೆದ್ದಿದ್ದೇನಲ್ಲ, ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದು ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ. ಕೂಲಿ ಹೆಂಗಸರಲ್ಲಿ ಹಿರಿಯವಳಿಗೆ ಫೋನ್ ಮಾಡಿ ಸೋಮವಾರದಿಂದ ಬರುತ್ತೇನೆ ಎಂದೆ. ಅವಳು ಕಾಡಂಚಿನ ಆದಿವಾಸಿ ಹಾಡಿಯ ಮುದುಕಿ, ನಾನು ಮಲಗುವವರೆಗೆ ನನ್ನ ಜೀಪು ಬಿಟ್ಟರೆ ಬೇರೆ ಹತ್ತಿದವಳಲ್ಲ. "ಬಾ ಮೋನೇ, ಬಾ. ನಿನ್ನ ವಂಡೀಲಿ ಕೂತ್ರೆ ನಮ್ಗೆ ನಿದ್ದೆ ಬಂದ್ಬಿಡುತ್ತೆ" ಎಂದಳು, ಹೆತ್ತ ಮಗನನ್ನು ಕರೆಯುವ ಹಾಗೆ.

ನಮ್ಮ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆ ಇದೆ. ಬಹಳ ದಿನ ನಿಂತ ಜೀಪನ್ನಾಗಲಿ, ಬಹಳ ದಿನ ಮಲಗಿದ್ದ ಡ್ರೈವರನ್ನಾಗಲಿ ನಂಬಿ ಹೊರಗಿನವರನ್ನು ಹತ್ತಿಸುವಂತಿಲ್ಲ. ಮೊದಲ ಓಟಕ್ಕೆ ಅವನ ಮನೆಯವರೇ ಕೂರಬೇಕು. ಬಾವಲಿಯವರೆಗೆ ಹೋಗಿ ಕ್ಷೇಮವಾಗಿ ತಿರುಗಿ ಬಂದರೆ ಮರುದಿನ ಕೂಲಿಯವರು ಹತ್ತುತ್ತಾರೆ. ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ. ಭಾನುವಾರ ಮೂರು ಗಂಟೆಗೆ ಹೊರಡೋಣ ಎಂದೆ. "ಆಯ್ತು" ಎಂದಳು.

ಆ ಭಾನುವಾರ ಮಧ್ಯಾಹ್ನ ನನಗೆ ಜಂಬ ಹತ್ತಿತು. ನಾನು ಗೆಲ್ಲುವುದನ್ನು ಸ್ಟ್ಯಾಂಡಿನ ಗೆಳೆಯರಿಗೆ ತೋರಿಸಬೇಕು ಎಂದು ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ವೀಡಿಯೊ ಮಾಡಿದೆ. ಒಂದು ಸುತ್ತು ಸೊಗಸಾಗಿ ಓಡಿಸಿದೆ. ಪರದೆಯ ಮೇಲೆ ಆಟದ ಗಡಿಯಾರ ಸರಿಯಾಗಿ ಎರಡು ನಿಮಿಷ ತೋರಿಸಿತು. ವೀಡಿಯೊ ಕಳಿಸಲು ಹೋದರೆ ಫೋನಿನಲ್ಲಿ ಅದೇ ಸುತ್ತು ಎರಡು ನಿಮಿಷ ನಲವತ್ತು ಸೆಕೆಂಡು ಇತ್ತು.

ಫೋನ್ ಕೆಟ್ಟಿದೆ ಎಂದುಕೊಂಡೆ. ಇನ್ನೊಮ್ಮೆ ನೋಡಿದೆ. ಅಷ್ಟೇ ತೋರಿಸಿತು. ಎಮ್ಯುಲೇಟರಿನ ಸೆಟ್ಟಿಂಗ್ ತೆಗೆದೆ. ವೇಗದ ಮಿತಿ ಎಂಬಲ್ಲಿ ಶೇಕಡಾ ನೂರು ಇರಬೇಕಾದ ಕಡೆ ಎಪ್ಪತ್ತೈದು ಇತ್ತು. ತಾನಾಗಿ ಆಗುವಂಥದ್ದಲ್ಲ, ಯಾರೋ ಹಾಕಿದ್ದು. ಮನೆಯಲ್ಲಿ ಇನ್ನಾರಿದ್ದಾರೆ? ಮೂಲೆಯ ನಂಬರ್ ತೆಗೆದಿದ್ದೂ ಇದಕ್ಕೇ.

ನೂರಕ್ಕೆ ಏರಿಸಿ ಆಡಿದೆ. ಸೇತುವೆಯ ತಿರುವಿನಲ್ಲಿ ಗುದ್ದಿದೆ. ಎರಡನೇ ಸಲ, ಮೂರನೇ ಸಲ. ಹೆಬ್ಬೆರಳು ಅವತ್ತು ಎಲ್ಲಿತ್ತೋ ಇವತ್ತೂ ಅಲ್ಲೇ ಇತ್ತು. ಅಯ್ಯೋ ಶಿವನೇ, ನಾಳೆ ಬೆಳಿಗ್ಗೆ ಹನ್ನೆರಡು ಜನ ನನ್ನನ್ನು ನಂಬಿ ನಿದ್ದೆ ಹೋಗುತ್ತಿದ್ದರು!

ಹೊರಗೆ ಬಂದೆ. ಅವಳು ಆಗಲೇ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಜೀಪು ಇನ್ನೂ ಸ್ಟಾರ್ಟೇ ಆಗಿರಲಿಲ್ಲ.

"ಎಪ್ಪತ್ತೈದು ಹಾಕಿದ್ದು ನೀನಾ?" ಎಂದೆ.

ಅವಳು ಹೌದೆಂದು ತಲೆ ಆಡಿಸಿದಳು. "ಎರಡು ದಿನ ಅನ್ನ ನೀರು ಬಿಟ್ಟು ಮಲಗಿದ್ರಿ. ಒಂದ್ಸಲ ಗೆದ್ರೆ ಏಳ್ತೀರಿ ಅಂತ ಹಾಕ್ದೆ. ಆಮೇಲೆ ದಿನಾ ಒಂದೊಂದು ಏರ್ಸೋಣ ಅಂತಿದ್ದೆ. ಅಷ್ಟ್ರಲ್ಲಿ ನೀವು ಫೋನ್ ಮಾಡ್ಬಿಟ್ರಿ."

"ಗೊತ್ತಿದ್ದೂ ಹತ್ತಿ ಕೂತ್ಯಾ? ಸತ್ತುಹೋದ್ರೆ?"

"ನಾಳೆ ಆ ಹನ್ನೆರಡು ಜನಕ್ಕೆ ಆಗೋದು ಇವತ್ತು ನಮಗೇ ಆಗ್ಲಿ ಅಂತ."

"ಹೇಳೋಕೇನಾಗಿತ್ತು ನಿಂಗೆ? ಬಾಯಿ ಇರ್ಲಿಲ್ವಾ?" ನನ್ನ ಧ್ವನಿ ಏರಿತು. ಅವಳ ಹೆಗಲು ಮುದುರಿತು. ಅದನ್ನು ನಾನು ನೋಡಿದೆ. ಇಷ್ಟು ವರ್ಷ ಎಷ್ಟು ಸಲ ಮುದುರಿತ್ತೋ, ನೋಡಿದ್ದು ಅವತ್ತೇ.

"ಹೇಳೋಕೆ ಪೇಡಿ" ಎಂದಳು. ನಮ್ಮ ಕಡೆ ಹೆದರಿಕೆಗೆ ಮಲಯಾಳದ ಆ ಮಾತನ್ನೇ ಆಡುತ್ತೇವೆ. "ನಿಮ್ಮತ್ರ ಹೇಳೋಕೆ ಆದಷ್ಟು ಪೇಡಿ ಈ ಜೀಪು ಹತ್ತೋಕೆ ಆಗ್ಲಿಲ್ಲ."

ಆಸ್ಪತ್ರೆಯ ಮಂಚದ ಮೇಲೂ ನಾನು ಅಷ್ಟು ಹೆದರಿರಲಿಲ್ಲ. ಸಾಯುವುದಕ್ಕಿಂತ ದೊಡ್ಡ ಹೆದರಿಕೆಯಾಗಿ ನಾನು ಅವಳ ಪಕ್ಕದಲ್ಲಿ ಇಷ್ಟು ವರ್ಷ ಉಂಡು ಮಲಗಿದ್ದೆ. ಮೆಟ್ಟಿಲ ಮೇಲೆ ಕೂತೆ. "ಇಳಿ" ಎಂದೆ, ಆದಷ್ಟು ಮೆಲ್ಲಗೆ. ಅವಳು ಇಳಿಯಲಿಲ್ಲ. ಕೀಲಿ ನನ್ನ ಕೈಯಲ್ಲೇ ಇತ್ತು, ಅದನ್ನೇ ನೋಡುತ್ತಿದ್ದಳು.

ಮುದುಕಿಗೆ ಫೋನ್ ಮಾಡಿದೆ. "ನಾಳೆ ಬೇರೆ ಜೀಪು ನೋಡ್ಕೊಳ್ಳಿ ಅಜ್ಜಿ. ನನ್ನ ಕೈ ಸರಿಯಾಗಿಲ್ಲ" ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಏನೇನೋ ಕೇಳಿದಳು, ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಆಮೇಲೆ ಎದ್ದು ಹೋಗಿ ಕೀಲಿಯನ್ನು ಹೆಂಡತಿಯ ಮಡಿಲಲ್ಲಿ ಹಾಕಿದೆ. ಆಗ ಅವಳು ಕಂಬಿ ಬಿಟ್ಟಳು.