ಒಳಕೋಣೆಯಲ್ಲೇ ಉಳಿದ ಪಟ್ಟಿ

ಅರಕಲಗೂಡಿನ ಕಚೇರಿಯಲ್ಲಿ ಬಿತ್ತನೆ ಆಲೂಗಡ್ಡೆ ಯಾರಿಗೆ ಯಾವತ್ತು ಅನ್ನೋ ಪಟ್ಟಿಯನ್ನು ಜಾವಾದಲ್ಲಿ ಬರೆದ ವೆಬ್ ಪುಟದಲ್ಲಿ ತೋರಿಸುವುದು ನನ್ನ ಕೆಲಸ. ಒಳಕೋಣೆಯ ಸರ್ವರ್ ಕಂಪ್ಯೂಟರ್ ಪಟ್ಟಿ ಜೋಡಿಸುತ್ತಿತ್ತು, ಆ ಪುಟ ತೋರಿಸಬೇಕಾದ ಹೊರಗಿನ ಟಿವಿಯಲ್ಲಿ ಮಾತ್ರ ಏನೂ ಇಲ್ಲ. ರೈತರು ಕಿಟಕಿ ಬಡಿಯುತ್ತಿದ್ದರು, ನನಗೆ ಕೂರಲಾಗದು, ನಿಲ್ಲಲಾಗದು.

ಒಳಕೋಣೆ ಗುಡಿಸುತ್ತಿದ್ದ ಜಯಮ್ಮ ಕೂಗಿದರು: "ಸಾ, ಎಸ್ರೆಲ್ಲಾ ಇಲ್ಲೇ ಬಂದ್ಬುಟ್ಟವೆ!"

ಹೌದು. ಸಿದ್ಧವಾದ ಪಟ್ಟಿಯನ್ನು ಪುಟಕ್ಕೆ ದಾಟಿಸುವ ಬದಲು ಸರ್ವರಿನ ಪರದೆಗೇ ಬರೆಸಿದ್ದೆ. ನಾನು ಆ ಒಂದು ಸಾಲು ತಿದ್ದುವಷ್ಟರಲ್ಲಿ ಜಯಮ್ಮ ಪರದೆ ನೋಡಿ ಚೀಟಿಯಲ್ಲಿ ಬರೆದುಕೊಂಡು, ಕಿಟಕಿಯಲ್ಲಿ ನಿಂತು ಹೆಸರು ಕೂಗತೊಡಗಿದ್ದರು. ಟಿವಿಯಲ್ಲೂ ಪಟ್ಟಿ ಬಂತು. ಒಬ್ಬರೂ ಅತ್ತ ತಿರುಗಲಿಲ್ಲ.

"ಯಜಮಾನ್ರೇ, ಟಿವೀಲಿ ನಿಮ್ಮ ಹೆಸರಿದೆಯಲ್ಲ?" ಎಂದೆ, ಮುಂದೆ ನಿಂತಿದ್ದ ರೈತರೊಬ್ಬರಿಗೆ.

"ಇರ್ಲಿ ಸಾ. ನಾನ್ ಬಂದಿವ್ನಾ ಇಲ್ವಾ ಅಂತ ಅದು ಕೇಳ್ತದಾ?"

ಮಾರನೇ ದಿನ ಹೊಳೆನರಸೀಪುರದಲ್ಲಿ ಇದೇ ಕೆಲಸ. ಅಲ್ಲಿಗೆ ಏನೇನು ಸಾಮಾನು ಬೇಕೆಂದು ನಮ್ಮ ಸಾಹೇಬರು ಫೋನಿನಲ್ಲಿ ಕೇಳಿದರು. ಟಿವಿ ಇಲ್ಲದಿದ್ದರೂ ನಡೆಯುತ್ತೆ, ಜಯಮ್ಮನ್ನ ಕಳಿಸಿ ಅಂದೆ.