ಹಣೆಯ ಮೇಲೊಂದು ಶಿಲುಬೆ

ತಾಂಬರಂನ ನಮ್ಮ ಚರ್ಚಿನಲ್ಲಿ ಅಪ್ಪಂದಿರ ಕೂಟ. ಮಕ್ಕಳ ಹಣೆಯ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಹಾಕಿ ದಿನಾ ಹರಸಬೇಕು ಎಂದ ಫಾದರ್, "ಮೊದಲು ಪಕ್ಕದವರ ಮೇಲೆ ಅಭ್ಯಾಸ ಮಾಡಿ" ಅಂದುಬಿಟ್ಟರು!

ನನ್ನ ಪಕ್ಕದಲ್ಲಿದ್ದವನು ದಪ್ಪ ಮೀಸೆಯ ಅಪರಿಚಿತ, ಲೋಕಲ್ ರೈಲಿನ ಡ್ರೈವರಂತೆ. ನಾಚಿಕೊಂಡೇ ಅವನ ಹಣೆ ಮುಟ್ಟಿದೆ. ಅವನೋ, ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಹಾಕಿ ಸಾರ್, ಚೆನ್ನಾಗಿತ್ತು" ಅಂದ.

ನನಗೆ ಎಲ್ಲಿಲ್ಲದ ಹುರುಪು! ಓಡೋಡಿ ಮನೆಗೆ ಬಂದು, ಹೋಂವರ್ಕ್ ಮಾಡುತ್ತಿದ್ದ ಮಗಳ ಹಣೆಗೆ ಕೈಯಿಟ್ಟೆ.

"ನಂಗೆ ಜ್ವರ ಇಲ್ಲಪ್ಪಾ" ಅಂದಳು, ತಲೆ ಎತ್ತದೆ.

ಬಿಡುತ್ತೇನೆಯೇ? ಶಿಲುಬೆಯ ಗುರುತು ಹಾಕಿಯೇ ಹಾಕಿದೆ. ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದವಳು ಅಡುಗೆಮನೆಯತ್ತ ಕೂಗಿದಳು: "ಅಮ್ಮಾ, ಥರ್ಮಾಮೀಟರ್ ಎಲ್ಲಿ?"